ದುರ್ಗದ ಸೀಮೆಯಲ್ಲಿ ಕ್ಯಾಮರಾ ಪರೀಕ್ಷೆ

ದೀಪಾವಳಿಗೆಂದು ನಾವು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಹಬ್ಬ ಕಳೆದ ಮರುದಿನ ಒಂದು ವ್ಯಾಜ್ಯವು ನಮ್ಮ ಮುಂದೆ ತೀರ್ಪಿಗೆ ಬಂದಿತು. ವಾದಿ ತಮ್ಮನ ಮಗಳು, ಪ್ರತಿವಾದಿ ತಮ್ಮನೇ. ಕಾಲೇಜಿನಲ್ಲಿ ಓದುತ್ತಿರುವ ಈ ಹುಡುಗಿ ಎರಡು ವರ್ಷಗಳಿಂದ ಸಂಜೆಯ ಹೊತ್ತು ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿ ೧೮,೦೦೦ ರೂಪಾಯಿಗಳನ್ನು ಕೂಡಿಟ್ಟಿದ್ದಳು. ಅದಕ್ಕೆ ತಂದೆಯು ಅಡಿಕೆಯ ಹಣದಲ್ಲಿ ೧೨,೦೦೦ ರೂಪಾಯಿಗಳನ್ನು ಸೇರಿಸಿಕೊಟ್ಟರೆ ಒಂದು ಕ್ಯಾಮರಾ ಕೊಂಡು ಛಾಯಾಗ್ರಹಣವನ್ನು ಕ್ರಮವಾಗಿ ಕಲಿಯಬೇಕೆಂಬುದು ಅವಳ ಆಸೆ.

"ಎಲ್ಲರ ಕೈಯಲ್ಲೂ ಮೊಬೈಲು ಫೋನಿದೆ, ಅದರಲ್ಲಿಯೂ ಪಟ ಬರುತ್ತದೆ. ಮೂವತ್ತು ಸಾವಿರ ಸುರಿದು ಇನ್ನೊಂದು ಯಂತ್ರ ಏತಕ್ಕೆ ಅಣ್ಣಾ? ನೀನಾದರೂ ಹೇಳು" ಎಂದನು ತಮ್ಮ. ಅವನ ಮಾತಿನಲ್ಲಿ ಜಿಪುಣತನವಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ತೋಟಕ್ಕೆ ಟ್ಯಾಂಕರಿನಿಂದ ನೀರು ಹೊಯ್ಯಿಸಿದವರಿಗೆ ಹನ್ನೆರಡು ಸಾವಿರದ ತೂಕ ಎಷ್ಟೆಂಬುದು ಗೊತ್ತು.

ಹುಡುಗಿ ಉತ್ತರ ಕೊಡಲಿಲ್ಲ. ಗೋಡೆಯ ಕಡೆಗೆ ನೋಡಿದಳು. ಅಲ್ಲಿ ನಮ್ಮ ತಂದೆಯವರ ಚಿತ್ರವಿದೆ. ಅವರು ಬದುಕಿರುವಾಗ ಅವರದೊಂದು ಒಳ್ಳೆಯ ಪಟವನ್ನು ತೆಗೆಯಿಸಬೇಕೆಂದು ನಮಗಾರಿಗೂ ತೋಚಿರಲಿಲ್ಲ. ಕಾಲವಾದ ಮೇಲೆ ಚುನಾವಣೆಯ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆಟ್ಟಿನಗಲದ ಮುಖವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಕಣ್ಣುಗಳಿರಬೇಕಾದ ಸ್ಥಳದಲ್ಲಿ ಎರಡು ಮಸಕು ಕಲೆಗಳಿವೆ. "ಫೋನಿನಲ್ಲಿ ಅಜ್ಜಿಯ ಐವತ್ತು ಪಟಗಳಿವೆ ದೊಡ್ಡಪ್ಪಾ, ಒಂದರಲ್ಲಿಯೂ ಅಜ್ಜಿಯಿಲ್ಲ. ಮುಖದ ಸುಕ್ಕನ್ನೆಲ್ಲ ಅದೇ ಒರಸಿಬಿಡುತ್ತದೆ" ಎಂದಳು. ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ನಮ್ಮ ತಾಯಿಯವರು ಕೇಳಿಯೂ ಕೇಳದವರಂತೆ ಕತ್ತಿಯನ್ನು ಆಡಿಸುತ್ತಿದ್ದರು.

ನಾವು ಛಾಯಾಗ್ರಹಣದಲ್ಲಿ ಪಂಡಿತರಲ್ಲ. ಹುಡುಗತನದಲ್ಲಿ, ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸಿನವರು ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್ ೩ ಎಂಬ ಪೆಟ್ಟಿಗೆ ಕ್ಯಾಮರಾದಲ್ಲಿ ಕೈ ಪಳಗಿಸಿಕೊಂಡವರು. ಒಂದು ಸುರುಳಿಗೆ ೧೨ ಚಿತ್ರಗಳು. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಸುರುಳಿಯನ್ನು ತರಿಸಿ, ಹನ್ನೆರಡನ್ನು ಒಂದು ತಿಂಗಳು ಬಳಸುತ್ತಿದ್ದೆವು. ಆ ಬಡತನವೇ ನಮಗೆ ಗುರುವಾಯಿತು. ಗುಂಡಿಯನ್ನು ಒತ್ತುವುದಕ್ಕೆ ಮೊದಲು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡುವ ಅಭ್ಯಾಸ ಅದರಿಂದ ಬಂದಿತು. ಇಷ್ಟು ಅನುಭವದ ಬಲದಿಂದಲೇ ನಾವು ತೀರ್ಪು ಕೊಟ್ಟೆವು. ಅಂಗಡಿಗೆ ಹೋಗುವ ಮೊದಲು ನಾಲ್ಕು ದಿನ ನಮ್ಮ ಸೀಮೆಯನ್ನೇ ಸುತ್ತೋಣ. ಅವಳ ಫೋನು ಇರಲಿ. ಜೊತೆಗೆ ಮಿತ್ರರೊಬ್ಬರಿಂದ ಹಳೆಯದೊಂದು ನಿಕಾನ್ ಕ್ಯಾಮರಾವನ್ನು ಎರವಲು ತರೋಣ. ಯಾವ ಸ್ಥಳದಲ್ಲಿ ಯಾವುದು ಸೋಲುತ್ತದೆ, ಯಾವುದು ಗೆಲ್ಲುತ್ತದೆ ಎಂಬುದನ್ನು ಬರೆದಿಡೋಣ. ತನಗೆ ಬೇಕಾದುದೇನೆಂದು ಹುಡುಗಿ ಕಾರಣಸಹಿತ ಹೇಳಿದರೆ ತಮ್ಮನು ಹಣ ಕೊಡತಕ್ಕದ್ದು. ಹೇಳಲಾರದೆ ಹೋದರೆ ಅವಳ ಗಂಟು ಅವಳಲ್ಲಿಯೇ ಇರತಕ್ಕದ್ದು. ಇಬ್ಬರೂ ಒಪ್ಪಿದರು.

ಮೊದಲನೆಯ ದಿನ ಚಿತ್ರದುರ್ಗ. ಬಸ್ಸು ಇಳಿದು ಕೋಟೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಬಿಸಿಲು ಬಲಿತಿತ್ತು. ಚಿತ್ರ ತೆಗೆಯುವವರು ಸೂರ್ಯೋದಯಕ್ಕೋ ಸೂರ್ಯಾಸ್ತಕ್ಕೋ ಬರಬೇಕೆಂಬುದು ರೂಢಿ. ಆದರೆ ನಾವು ಬೇಕೆಂದೇ ನಡುಹಗಲಿಗೆ ಬಂದಿದ್ದೆವು. ಪರೀಕ್ಷೆಯು ಕಠಿಣವಾಗಿದ್ದರೆ ತಾನೆ ಯೋಗ್ಯತೆ ತಿಳಿಯುವುದು! ಏಳುಸುತ್ತಿನ ಕೋಟೆಯ ಬಂಡೆಗಳು ಆ ಹೊತ್ತಿನಲ್ಲಿ ಕಾದ ಹೆಂಚಿನಂತೆ ಹೊಳೆಯುತ್ತವೆ. ಅವುಗಳ ಸಂದುಗಳು ಕಾಡಿಗೆಯಂತೆ ಕಪ್ಪಾಗಿರುತ್ತವೆ. ೧೯೭೨ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಈ ಬಂಡೆಗಳನ್ನು ಕನ್ನಡಿಗರೆಲ್ಲರಿಗೂ ಪರಿಚಯ ಮಾಡಿಸಿದರಷ್ಟೆ. ಅದನ್ನು ನೋಡಿ ಬಂದವರಿಗೆ, ತಮ್ಮ ಪಟದಲ್ಲಿ ಅವೇ ಬಂಡೆಗಳು ಸುಣ್ಣದ ಗುಡ್ಡೆಗಳಂತೆ ಮೂಡಿದಾಗ ಆಗುವ ನಿರಾಶೆ ಅಷ್ಟಿಷ್ಟಲ್ಲ.

ಫೋನಿನ ಮೊದಲನೆಯ ಸೋಲು ಇಲ್ಲಿಯೇ ಆಯಿತು. ಬಿಸಿಲಿನಲ್ಲಿ ಅದರ ಪರದೆಯಲ್ಲಿ ನಮ್ಮ ಮುಖವು ಕಂಡಿತೇ ಹೊರತು ಕೋಟೆಯು ಕಾಣಲಿಲ್ಲ. ಕಣ್ಣಿಗೆ ಒತ್ತಿ ಹಿಡಿದು ನೋಡುವ ಕಿಂಡಿಯುಳ್ಳ ಕ್ಯಾಮರಾದಲ್ಲಿ ಈ ತೊಂದರೆಯಿಲ್ಲ; ಹೊರಗಿನ ಬಿಸಿಲು ಎಷ್ಟಿದ್ದರೂ ಚೌಕಟ್ಟಿನ ಒಳಗೆ ಏನಿದೆ, ಅಂಚಿನಲ್ಲಿ ಏನು ತೂರಿಕೊಂಡಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಹುಡುಗಿ ತನ್ನ ಪುಸ್ತಕದಲ್ಲಿ "ಒಂದು: ಕಣ್ಣಿಟ್ಟು ನೋಡುವ ಕಿಂಡಿ ಬೇಕು" ಎಂದು ಬರೆದುಕೊಂಡಳು.

ಒನಕೆ ಓಬವ್ವನ ಕಿಂಡಿಯ ಬಳಿಯಲ್ಲಿ ಎರಡನೆಯ ಪಾಠವಾಯಿತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದರೆಂದೂ ಕಾವಲುಗಾರನ ಹೆಂಡತಿ ಓಬವ್ವ ಒನಕೆಯಿಂದ ಅವರನ್ನು ಒಬ್ಬೊಬ್ಬರಾಗಿಯೇ ಕೆಡವಿದಳೆಂದೂ ಹೇಳುವ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಕ್ಯಾಮರಾದ ಲೆನ್ಸಿನೊಳಗೂ ಇಂಥದೊಂದು ಕಿಂಡಿಯಿದೆ. ಅದಕ್ಕೆ ಅಪರ್ಚರ್ ಎಂದು ಹೆಸರು. ಕಿಂಡಿ ಕಿರಿದಾದರೆ ಬೆಳಕು ಸ್ವಲ್ಪಸ್ವಲ್ಪವಾಗಿ ಬರುತ್ತದೆ, ಹಿರಿದಾದರೆ ಹಿಂಡುಹಿಂಡಾಗಿ ನುಗ್ಗುತ್ತದೆ. ಅದನ್ನು ಎಣಿಸುವ ಸಂಖ್ಯೆ ಮಾತ್ರ ತಿರುಗುಮುರುಗಾಗಿದೆ: ೧೬ ಎಂದರೆ ಸಣ್ಣ ಕಿಂಡಿ, ೧.೮ ಎಂದರೆ ದೊಡ್ಡ ಕಿಂಡಿ. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದನ್ನು ನಿರ್ಧರಿಸುವುದು ಶಟರ್. ಬಂದ ಬೆಳಕಿಗೆ ಯಂತ್ರವು ಎಷ್ಟು ಚುರುಕಾಗಿ ಸ್ಪಂದಿಸಬೇಕೆಂಬುದನ್ನು ಹೇಳುವುದು ಐ.ಎಸ್.ಓ. ಎಂಬ ಸಂಖ್ಯೆ. ಈ ಮೂರರ ಲೆಕ್ಕವೇ ಛಾಯಾಗ್ರಹಣದ ಮಗ್ಗಿ.

ಮಗ್ಗಿಯ ಮೊದಲನೆಯ ಸಾಲನ್ನು ಹಿಂದಿನವರು ಸುಲಭ ಮಾಡಿಟ್ಟಿದ್ದಾರೆ. ಮೋಡವಿಲ್ಲದ ಬಿಸಿಲಿನಲ್ಲಿ ಕಿಂಡಿಯನ್ನು ೧೬ಕ್ಕೆ ಇಟ್ಟು, ಐ.ಎಸ್.ಓ. ೧೦೦ ಇದ್ದರೆ ಶಟರನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ, ೨೦೦ ಇದ್ದರೆ ಇನ್ನೂರನೆಯ ಒಂದು ಭಾಗಕ್ಕೆ ಇಟ್ಟರೆ ಚಿತ್ರವು ಸರಿಯಾಗಿ ಬರುತ್ತದೆ. ಎರವಲು ಕ್ಯಾಮರಾದಲ್ಲಿ ಹುಡುಗಿ ಹಾಗೆಯೇ ಮಾಡಿದಳು. ಬಂಡೆಯ ಮೇಲೆ ಮೆಟ್ಟಿಲಿನಂತೆ ಕೊರೆದ ಗುಳಿಗಳೂ ಒರಟು ಮೈಯೂ ಕಂಡಂತೆಯೇ ಮೂಡಿದವು. ಕಿಂಡಿಯೊಳಗಿನ ಕತ್ತಲು ಕತ್ತಲಾಗಿಯೇ ಉಳಿಯಿತು. ಫೋನು ತನ್ನ ಜಾಣತನದಿಂದ ಕತ್ತಲನ್ನು ಬೆಳಗಿಸಿ, ಬೆಳಕನ್ನು ತಗ್ಗಿಸಿ, ಎಲ್ಲವನ್ನೂ ಸಮ ಮಾಡಿಟ್ಟಿತ್ತು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಓಬವ್ವ ನಿಲ್ಲುವುದಕ್ಕೆ ಅಲ್ಲಿ ಕತ್ತಲೇ ಇರಲಿಲ್ಲ! "ಎರಡು: ಮೂರು ಲೆಕ್ಕವನ್ನೂ ನಾನೇ ತಿರುಗಿಸುವಂತಿರಬೇಕು." ನ್ಯಾಯಕ್ಕಾಗಿ ಒಂದು ಮಾತನ್ನು ಸೇರಿಸಬೇಕು. ಇಂದಿನ ಅನೇಕ ಫೋನುಗಳಲ್ಲಿ ಶಟರನ್ನೂ ಐ.ಎಸ್.ಓ.ವನ್ನೂ ಕೈಯಿಂದ ಬದಲಾಯಿಸುವ ಅನುಕೂಲವುಂಟು. ಹಣವಿಲ್ಲದವರು ಅದರಲ್ಲಿಯೇ ಕಲಿಕೆಯನ್ನು ಆರಂಭಿಸಬಹುದು. ಆದರೆ ಕಿಂಡಿಯು ಬಹುಮಟ್ಟಿಗೆ ಎಲ್ಲ ಫೋನುಗಳಲ್ಲಿಯೂ ಒಂದೇ ಅಳತೆಗೆ ಬಿಗಿದದ್ದು.

ಕೋಟೆಯಲ್ಲಿ ತಿಳಿದ ಇನ್ನೊಂದು ವಿಚಾರವು ಹಣ ಉಳಿಸುವಂಥದು. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ಸ್ಥಳಗಳಲ್ಲಿ ಕೈಯಲ್ಲಿ ಹಿಡಿದು ಚಿತ್ರ ತೆಗೆಯಬಹುದು. ಮುಕ್ಕಾಲಿಯನ್ನು ಊರಬೇಕಾದರೆ ಮೊದಲೇ ಅಪ್ಪಣೆ ಬೇಕು. ಆದ್ದರಿಂದ ಕಲಿಯುವವರು ಮೊದಲನೆಯ ದಿನವೇ ಮುಕ್ಕಾಲಿ ಕೊಳ್ಳಬೇಕಾದುದಿಲ್ಲ.

ಸಂಜೆ ಚಂದ್ರವಳ್ಳಿಗೆ ನಡೆದೆವು. ಕದಂಬ ಮಯೂರಶರ್ಮನ ಶಾಸನವಿರುವ ಆ ಕಣಿವೆಯನ್ನು ಮೊದಲು ಡಾ. ಎಂ. ಎಚ್. ಕೃಷ್ಣರವರೂ, ೧೯೪೭ರಲ್ಲಿ ಮಾರ್ಟಿಮರ್ ವೀಲರರೂ ಅಗೆಸಿದರು. ಆ ಉತ್ಖನನದ ವರದಿಯು ಛಾಯಾಚಿತ್ರಗಳೊಡನೆ ಅಚ್ಚಾಗಿದೆ. ನೆಲವನ್ನು ಒಮ್ಮೆ ಅಗೆದರೆ ಆ ಪದರಗಳು ಮತ್ತೆ ಕೂಡಿಕೊಳ್ಳುವುದಿಲ್ಲ; ಉಳಿಯುವುದು ಬರಹ, ನಕ್ಷೆ, ಚಿತ್ರಗಳು ಮಾತ್ರ. ಇದನ್ನು ಕೇಳಿ ಹುಡುಗಿ ಕೆರೆಯ ನೀರನ್ನು ನೋಡುತ್ತ ಸುಮ್ಮನಿದ್ದಳು. ಅವಳ ಮನಸ್ಸಿನಲ್ಲಿ ಯಾವ ಗೋಡೆಯ ಚಿತ್ರವು ಬಂದಿತ್ತೆಂಬುದು ನಮಗೆ ತಿಳಿಯದೆ ಇರಲಿಲ್ಲ.

ಎರಡನೆಯ ದಿನ ಹಿರಿಯೂರು, ಅಲ್ಲಿಂದ ವಾಣಿವಿಲಾಸ ಸಾಗರ. ಜನರು ಇಂದಿಗೂ ಮಾರಿಕಣಿವೆ ಎಂದೇ ಕರೆಯುವ ಈ ಕಟ್ಟೆಯನ್ನು ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಲ್ಲಿನಿಂದ ಕಟ್ಟಿ ೧೯೦೭ರಲ್ಲಿ ಮುಗಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜ್ಯಭಾರವನ್ನು ವಹಿಸಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿದೆ. ೧೯೩೩ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಅದು ಮತ್ತೆ ಹಾಗೆ ಹರಿದದ್ದು ೨೦೨೨ರಲ್ಲಿ, ೮೯ ವರ್ಷಗಳ ನಂತರ. ಅಜ್ಜಂದಿರು ಕಂಡದ್ದನ್ನು ಮೊಮ್ಮಕ್ಕಳು ಕಾಣುವಂತಾಯಿತೆಂದು ಆ ಸಲ ಊರೂರಿನ ಜನರು ಬಂದು ನೋಡಿಹೋದರು. ೨೦೨೫ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಿತು.

ಕಟ್ಟೆಯ ಮೇಲಿನ ಮಂಟಪದ ನೆರಳಿನಲ್ಲಿ ನಿಂತಾಗ ಹುಡುಗಿಗೆ ಹೊಸ ಆಸೆಯೊಂದು ಹುಟ್ಟಿತು. ದೂರದ ನೀರಿನಲ್ಲಿ ಹಕ್ಕಿಗಳು ಇಳಿಯುತ್ತಿದ್ದವು. "ದೊಡ್ಡಪ್ಪಾ, ಉದ್ದನೆಯ ಲೆನ್ಸು ಇದ್ದಿದ್ದರೆ!" ಎಂದಳು. ಇದು ಎಲ್ಲ ಹೊಸಬರಿಗೂ ಬರುವ ಜ್ವರ. ಉದ್ದನೆಯ ಲೆನ್ಸೊಂದಕ್ಕೆ ಅವಳ ಗಂಟಿನ ಬಹುಪಾಲು ಹೋಗುತ್ತದೆ. ಆಮೇಲೆ ಕ್ಯಾಮರಾಕ್ಕೆ ಏನು ಉಳಿಯುತ್ತದೆ? ಹಕ್ಕಿಗಳ ಚಿತ್ರದಿಂದ ಕನ್ನಡಿಗರ ಮನಸ್ಸನ್ನು ಸೆಳೆದ ಪೂರ್ಣಚಂದ್ರ ತೇಜಸ್ವಿಯವರಂಥವರು ಕಾಡು ಕೆರೆಗಳ ಬಳಿಯಲ್ಲಿ ಕಳೆದ ಹೊತ್ತನ್ನು ಲೆನ್ಸಿನ ಬೆಲೆಯಲ್ಲಿ ಎಣಿಸುವುದಕ್ಕಾಗುವುದಿಲ್ಲವೆಂದು ಹೇಳಿದೆವು. ಹಕ್ಕಿಗಳನ್ನು ಬಿಟ್ಟು, ಕ್ಯಾಮರಾದೊಡನೆ ಬಂದಿದ್ದ ೧೮ರಿಂದ ೫೫ ಮಿಲಿಮೀಟರಿನ ಸಾಧಾರಣ ಲೆನ್ಸಿನಲ್ಲಿಯೇ ಅವಳು ಕಟ್ಟೆಯನ್ನು ನೋಡತೊಡಗಿದಳು. ೧೮ರಲ್ಲಿ ಕಟ್ಟೆಯೂ ಗುಡ್ಡಗಳೂ ನೀರೂ ಒಂದೇ ಚೌಕಟ್ಟಿಗೆ ಬಂದವು; ೫೫ರಲ್ಲಿ ಮಂಟಪದ ಕಂಬವೊಂದೇ ನಿಂತಿತು. ನಾಲ್ಕು ಹೆಜ್ಜೆ ಮುಂದೆ ನಡೆದರೆ ಇನ್ನಷ್ಟು ಹತ್ತಿರ, ಕಾಲಿಗೆ ಬೆಲೆಯಿಲ್ಲ.

ಅಲ್ಲಿ ಪ್ರವಾಸಿಗಳ ಪಟ ತೆಗೆದು ಜೀವನ ಮಾಡುವ ಹಿರಿಯರೊಬ್ಬರು ನಮ್ಮ ಮಾತನ್ನು ಕೇಳಿ ಹತ್ತಿರ ಬಂದರು. ಎಲ್ಲರೂ ತಮ್ಮ ಪಟವನ್ನು ತಾವೇ ತೆಗೆದುಕೊಳ್ಳುವ ಕಾಲ ಬಂದ ಮೇಲೆ ತಮ್ಮ ವ್ಯಾಪಾರ ಅಷ್ಟಕ್ಕಷ್ಟೆ ಎಂದು ನಗುತ್ತಲೇ ಹೇಳಿದರು. ಅವರ ಕ್ಯಾಮರಾದ ಹಿಡಿಕೆಯ ರಬ್ಬರು ಸವೆದು ನುಣುಪಾಗಿತ್ತು. "ಎಷ್ಟು ಮೆಗಾಪಿಕ್ಸೆಲ್ ಇರಬೇಕು ಮಾಮಾ?" ಎಂದು ಹುಡುಗಿ ಕೇಳಿದಳು. "ಪಟವನ್ನು ಎಷ್ಟು ದೊಡ್ಡದು ಮಾಡಿಸ್ತೀಯಮ್ಮ?" ಎಂದು ಅವರು ತಿರುಗಿ ಕೇಳಿದರು. ಆ ಪ್ರಶ್ನೆಯಲ್ಲಿಯೇ ಉತ್ತರವಿತ್ತು. ಒಂದು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಚ್ಚು ಹಾಕಿಸಿದರೆ, ೬ ಅಂಗುಲ ಉದ್ದ ೪ ಅಂಗುಲ ಅಗಲದ ಪಟಕ್ಕೆ ಸುಮಾರು ೨೨ ಲಕ್ಷ ಚುಕ್ಕೆಗಳು ಸಾಕು. ಗೋಡೆಗೆ ಹಾಕುವ ೧೨ಕ್ಕೆ ೮ರ ಪಟಕ್ಕೂ ೮೬ ಲಕ್ಷ ಚುಕ್ಕೆಗಳು ಸಾಕು. ಅಂದರೆ ಒಂಬತ್ತು ಮೆಗಾಪಿಕ್ಸೆಲ್ಲೂ ಬೇಕಾಗಿಲ್ಲ. ಹತ್ತು ವರ್ಷ ಹಳೆಯ ಕ್ಯಾಮರಾಗಳಲ್ಲಿಯೂ ಅದರ ಎರಡರಷ್ಟು ಇರುತ್ತದೆ.

ಹಾಗಾದರೆ ನೋಡಬೇಕಾದುದು ಯಾವುದನ್ನು? ಬೆಳಕು ಬಿದ್ದು ಚಿತ್ರವಾಗುವ ಒಳಗಿನ ಹಲಗೆಯ ಅಳತೆಯನ್ನು. ಸಾಮಾನ್ಯ ಫೋನುಗಳಲ್ಲಿ ಅದು ಒಂದು ತೊಗರಿ ಕಾಳಿನಷ್ಟಿರುತ್ತದೆ. ಇಂಥ ಕ್ಯಾಮರಾಗಳಲ್ಲಿ ಸುಮಾರು ೨೪ ಮಿಲಿಮೀಟರು ಅಗಲ, ೧೬ ಮಿಲಿಮೀಟರು ಎತ್ತರ, ಒಂದು ಸಣ್ಣ ಅಂಚೆಚೀಟಿಯಷ್ಟು. ಮಳೆಯಲ್ಲಿ ಲೋಟವನ್ನಿಟ್ಟವನಿಗೂ ಕೊಪ್ಪರಿಗೆಯನ್ನಿಟ್ಟವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಹಳೆಯ ಕ್ಯಾಮರಾವನ್ನು ಕೊಳ್ಳುವಾಗ ಮಾಡಬೇಕಾದ ಪರೀಕ್ಷೆಗಳನ್ನು ಆ ಹಿರಿಯರೇ ಹೇಳಿಕೊಟ್ಟರು. ವಾಚಕರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇವೆ. ಲೆನ್ಸನ್ನು ಬಿಚ್ಚಿ, ಒಂದು ಕಡೆಯಿಂದ ಬ್ಯಾಟರಿ ದೀಪವನ್ನು ಹಾಯಿಸಿ ಇನ್ನೊಂದು ಕಡೆಯಿಂದ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಂಥದನ್ನು ಮುಟ್ಟಬಾರದು. ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಇದ್ದುಬಂದ ಲೆನ್ಸುಗಳಲ್ಲಿ ಇದು ಹೆಚ್ಚು. ನಮ್ಮ ಒಣ ಸೀಮೆಯಲ್ಲಿ ಬೂಷ್ಟಿಗಿಂತ ಧೂಳಿನ ಕಾಟವೇ ದೊಡ್ಡದು. ಕಿಂಡಿಯನ್ನು ೧೬ಕ್ಕೆ ಇಟ್ಟು ಬಿಳಿಯ ಗೋಡೆಯ ಚಿತ್ರವನ್ನು ತೆಗೆದರೆ ಒಳಗಿನ ಹಲಗೆಯ ಮೇಲೆ ಕುಳಿತ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ, ಅದನ್ನು ಶುಚಿಮಾಡಿಸಬಹುದು. ಗೋಡೆಗೆ ಅಂಟಿಸಿದ ವೃತ್ತಪತ್ರಿಕೆಯ ಚಿತ್ರ ತೆಗೆದು ಅಕ್ಷರಗಳು ನಾಲ್ಕು ಮೂಲೆಗಳಲ್ಲಿಯೂ ಸ್ಪಷ್ಟವಾಗಿವೆಯೇ ಎಂದು ನೋಡಬೇಕು. ಶಟರ್ ಎಷ್ಟು ಸಲ ಬಡಿದಿದೆಯೆಂಬ ಲೆಕ್ಕವನ್ನು ಕೇಳಬೇಕು. ನಿಕಾನ್ ಕ್ಯಾಮರಾಗಳು ಆ ಲೆಕ್ಕವನ್ನು ತಾವು ತೆಗೆದ ಚಿತ್ರದ ಕಡತದೊಳಗೇ ಬರೆದಿಡುತ್ತವೆ. ಅವರ ಸುಲಭ ಬೆಲೆಯ ಮಾದರಿಗಳ ಶಟರನ್ನು ಒಂದು ಲಕ್ಷ ಬಡಿತಕ್ಕೆ ಪರೀಕ್ಷಿಸಿರುವುದರಿಂದ, ಇಪ್ಪತ್ತು ಮೂವತ್ತು ಸಾವಿರ ಬಡಿದಿದ್ದರೆ ಹೆದರಬೇಕಾಗಿಲ್ಲ. ಕೊನೆಯದಾಗಿ, ಮೊದಲು ಕೊಂಡಾಗಿನ ರಶೀದಿಯನ್ನು ಕೇಳಿ ಅದರಲ್ಲಿರುವ ಸಂಖ್ಯೆಯು ಕ್ಯಾಮರಾದ ತಳದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಕದ್ದ ಮಾಲನ್ನು ಅರಿಯದೆ ಕೊಂಡವರಿಗೂ ನೆಮ್ಮದಿಯಿಲ್ಲ. ಇಷ್ಟನ್ನು ಹೇಳಿಕೊಟ್ಟ ಆ ಹಿರಿಯರಿಂದ ನಾವಿಬ್ಬರೂ ಒಂದು ಪಟವನ್ನು ತೆಗೆಸಿಕೊಂಡೆವು. ಅದೇ ನಾವು ಸಲ್ಲಿಸಿದ ಗುರುದಕ್ಷಿಣೆ.

ಮೂರನೆಯ ದಿನ ಕಟ್ಟೆಯ ಕಡೆಯಿಂದಲೇ ಹೊಸದುರ್ಗಕ್ಕೆ ಹೋದೆವು. ದಾರಿಯಲ್ಲಿ ತೆಂಗಿನ ತೋಟಗಳು; ಗರಿಗಳ ಸಂದಿನಿಂದ ನೆಲದ ಮೇಲೆ ಬಿದ್ದ ಬಿಸಿಲಿನ ತುಂಡುಗಳು. ನಾವು ಹೊರಟದ್ದು ಅದೇ ತಾಲ್ಲೂಕಿನ ಸಾಣೇಹಳ್ಳಿಗೆ. ಅಲ್ಲಿಯ ಮಠದ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ನಾಟಕವನ್ನೇ ಒಂದು ವ್ರತವಾಗಿ ಕೈಕೊಂಡಿರುವುದು ವಾಚಕರಿಗೆ ತಿಳಿದಿರಬಹುದು. ೧೯೯೭ರಲ್ಲಿ ಆರಂಭವಾದ ಅವರ 'ಶಿವಸಂಚಾರ' ತಂಡವು ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ದಿದೆ. ಅಲ್ಲಿಯ ಬಯಲು ರಂಗಮಂದಿರದಲ್ಲಿ ಹಳ್ಳಿಯ ಜನರು ಮೆಟ್ಟಿಲುಗಳ ಮೇಲೆ ಸಾಲುಸಾಲಾಗಿ ಕುಳಿತು ನಾಟಕ ನೋಡುವುದೇ ಒಂದು ನೋಟ.

ಚಿತ್ರ ತೆಗೆಯಬಹುದೇ ಎಂದು ಮೊದಲೇ ಕೇಳಿ ಅಪ್ಪಣೆ ಪಡೆದೆವು. ಮಿಂಚುದೀಪವನ್ನು ಹಾಕುವುದಿಲ್ಲವೆಂದು ಮಾತು ಕೊಟ್ಟೆವು. ಕತ್ತಲಾಯಿತು, ರಂಗದ ಮೇಲೆ ಹಳದಿಯ ಬೆಳಕು ಬಿದ್ದಿತು. ನಮ್ಮ ನಿಕಾನ್ ಇಲ್ಲಿ ಸೋತಿತು! ಹುಡುಗಿ ತೆಗೆದ ಹತ್ತು ಚಿತ್ರಗಳಲ್ಲಿ ನಟನ ಕೈ ಹೊಗೆಯಂತೆ ಕದಡಿತ್ತು. ತಪ್ಪು ಯಂತ್ರದ್ದಲ್ಲ, ಲೆನ್ಸಿನದು. ಆ ಸಾಧಾರಣ ಲೆನ್ಸನ್ನು ೫೫ಕ್ಕೆ ಎಳೆದಾಗ ಅದರ ಕಿಂಡಿಯು ೫.೬ಕ್ಕಿಂತ ಹಿರಿದಾಗಿ ತೆರೆಯದು. ಮಿತ್ರರು ಚೀಲದಲ್ಲಿ ೩೫ ಮಿಲಿಮೀಟರಿನ ಇನ್ನೊಂದು ಪುಟ್ಟ ಲೆನ್ಸನ್ನೂ ಇಟ್ಟಿದ್ದರು. ಅದು ಮುಂದಕ್ಕೆ ಹಿಂದಕ್ಕೆ ಸರಿಯದು, ಆದರೆ ಕಿಂಡಿಯು ೧.೮ರವರೆಗೆ ತೆರೆಯುತ್ತದೆ. ಲೆಕ್ಕ ಹಾಕಿದರೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು. ಐ.ಎಸ್.ಓ. ೧೬೦೦ಕ್ಕೆ ಇಟ್ಟು, ಮೆಟ್ಟಿಲುಗಳನ್ನಿಳಿದು ಮುಂದೆ ಕುಳಿತು, ನಟನು ಮಾತು ನಿಲ್ಲಿಸಿ ಉಸಿರೆಳೆಯುವ ಕ್ಷಣಕ್ಕೆ ಕಾಯುವುದನ್ನು ಅವಳು ತಾನಾಗಿಯೇ ಕಂಡುಕೊಂಡಳು. ಆ ರಾತ್ರಿ ಬಂದ ಚಿತ್ರಗಳು ಮೂರೇ. ಆದರೆ ಆ ಮೂರನ್ನೂ ಅವಳು ತೆಗೆದಿದ್ದಳು, ಯಂತ್ರವಲ್ಲ. "ಮೂರು: ಒಂದು ದೊಡ್ಡ ಕಿಂಡಿಯ ಲೆನ್ಸು."

ಇಲ್ಲೊಂದು ಎಚ್ಚರಿಕೆ ಅಗತ್ಯ. ನಿಕಾನಿನ ಡಿ ೩೩೦೦, ಡಿ ೩೫೦೦ ಮುಂತಾದ ಕಡಮೆ ಬೆಲೆಯ ಮಾದರಿಗಳ ಒಡಲಿನಲ್ಲಿ ಲೆನ್ಸನ್ನು ತಿರುಗಿಸಿ ನೋಟವನ್ನು ಕೂಡಿಸುವ ಮೋಟಾರು ಇಲ್ಲ. ಆದ್ದರಿಂದ ಅಗ್ಗವಾಗಿ ಸಿಕ್ಕಿತೆಂದು ಹಳೆಯ ಕಾಲದ ಲೆನ್ಸನ್ನು ಕೊಂಡರೆ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಲೆನ್ಸಿನ ಹೆಸರಿನಲ್ಲಿ 'ಎ.ಎಫ್.-ಎಸ್.' ಎಂದಿದ್ದರೆ ಮೋಟಾರು ಅದರೊಳಗೇ ಇದೆಯೆಂದು ಅರ್ಥ. ಕೆನಾನಿನ ಇ.ಎಫ್. ಲೆನ್ಸುಗಳಲ್ಲಿ ಈ ತೊಡಕಿಲ್ಲ.

ನಾಲ್ಕನೆಯ ದಿನ ಹೊಳಲ್ಕೆರೆಗೆ ಮರಳಿದೆವು. ೧೪೭೫ರಲ್ಲಿ ಗುಲ್ಯಪ್ಪನಾಯಕನು ಪ್ರತಿಷ್ಠೆ ಮಾಡಿದನೆಂದು ಹೇಳುವ ಬಯಲು ಗಣಪತಿಯ ಸನ್ನಿಧಿಗೆ ಹೋಗಿ ಕೈಮುಗಿದೆವು. ಈ ಗಣಪತಿಯ ಬೆನ್ನ ಮೇಲೆ ಹೆಣೆದ ಜಡೆಯಿದೆ. ಮುಂದಿನಿಂದ ಮಾತ್ರ ನೋಡಿ ಹೋಗುವವರಿಗೆ ಅದು ಕಾಣುವುದಿಲ್ಲ. ಹುಡುಗಿ ಆ ದಿನ ಕ್ಯಾಮರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ಸುತ್ತ ಬಂದು ಜಡೆಯನ್ನು ನೋಡಿ ಸುಮ್ಮನೆ ನಿಂತಳು. ನೋಡುವುದು ಮೊದಲು, ತೆಗೆಯುವುದು ಆಮೇಲೆ ಎಂಬುದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು.

ಮನೆಗೆ ಬಂದು ಅವಳು ತಂದೆಯ ಮುಂದೆ ಪುಸ್ತಕವನ್ನು ತೆರೆದಿಟ್ಟು ಮೂರು ಕಾರಣಗಳನ್ನೂ ಬಿಡಿಸಿ ಹೇಳಿದಳು. ಹೊಸದಾಗಿ ಬರುತ್ತಿರುವ ಕನ್ನಡಿಯಿಲ್ಲದ ಕ್ಯಾಮರಾಗಳು ಹಗುರವೂ ಚುರುಕೂ ಆಗಿದ್ದರೂ ತನ್ನ ಗಂಟಿಗೆ ಎಟುಕವೆಂದೂ, ಕಂಪನಿಗಳ ಗಮನವೆಲ್ಲ ಅತ್ತ ಹೋಗಿರುವುದರಿಂದಲೇ ಕನ್ನಡಿಯುಳ್ಳ ಹಳೆಯವು ಅಗ್ಗವಾಗಿ ಸಿಕ್ಕುತ್ತಿವೆಯೆಂದೂ ಅವಳೇ ವಿವರಿಸಿದಳು. ತಮ್ಮನು ಬಹಳ ಹ��ತ್ತು ಮಾತಾಡಲಿಲ್ಲ. ಕೊನೆಗೆ ಒಳಗೆ ಹೋಗಿ ಹಣವನ್ನು ತಂದು, "ಅಡಿಕೆ ಕೊಳ್ಳುವ ಸಾಹುಕಾರನೂ ಇಷ್ಟು ವಿಚಾರ ಮಾಡುವುದಿಲ್ಲ" ಎಂದನು. ಅದೇ ಅವನ ಒಪ್ಪಿಗೆ.

ಕೊಳ್ಳುವುದರಲ್ಲಿಯೂ ಒಂದು ಎಡವಟ್ಟು ತಪ್ಪಿತು. ಒಂದು ಪಟ್ಟಣದ ಅಂಗಡಿಯಲ್ಲಿ ಹಳೆಯ ಕ್ಯಾಮರಾದ ಜೊತೆಗೆ ಚೀಲ, ಮುಕ್ಕಾಲಿ, ಬಣ್ಣದ ಗಾಜುಗಳನ್ನು ಉಚಿತವೆಂದು ಮುಂದಿಟ್ಟರು. ಹುಡುಗಿ ಬ್ಯಾಟರಿ ದೀಪ ಹಾಯಿಸಿ ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆ! "ಅದು ಬರೀ ಧೂಳಮ್ಮ" ಎಂದರು ಅಂಗಡಿಯವರು. ನಾವು ಕೈಮುಗಿದು ಹೊರಬಂದೆವು. ಮುಂದಿನ ವಾರ ದಾವಣಗೆರೆಯಲ್ಲಿ ಮದುವೆಗಳ ಪಟ ತೆಗೆಯುವ ಒಬ್ಬರು ತಾವು ಕಲಿತ ಕ್ಯಾಮರಾವನ್ನೇ ಮಾರುತ್ತಿರುವರೆಂದು ತಿಳಿಯಿತು. ೨೦೧೪ರಲ್ಲಿ ಬಂದ ನಿಕಾನ್ ಡಿ ೩೩೦೦, ಶಟರ್ ಬಡಿತ ೨೨,೦೦೦, ರಶೀದಿಯೂ ಇತ್ತು. ಸಾಧಾರಣ ಲೆನ್ಸಿನೊಡನೆ ಅದಕ್ಕೆ ೧೬,೫೦೦ ರೂಪಾಯಿ. ಅವರಲ್ಲಿಯೇ ಇದ್ದ ೩೫ ಮಿಲಿಮೀಟರಿನ ಲೆನ್ಸಿಗೆ ೭,೫೦೦. ಇನ್ನೊಂದು ಬ್ಯಾಟರಿಗೂ ನೆನಪಿನ ಚೀಟಿಗೂ ೧,೮೦೦. ಒಟ್ಟು ೨೫,೮೦೦ ರೂಪಾಯಿ. ಊರಿನಿಂದ ಊರಿಗೆ, ಮಾಲಿನಿಂದ ಮಾಲಿಗೆ ಬೆಲೆ ಬದಲಾಗುವುದರಿಂದ ಈ ಅಂಕಿಗಳನ್ನು ಅಳತೆಗೋಲೆಂದು ತಿಳಿಯಬಾರದು. ಉಳಿದ ೪,೨೦೦ ರೂಪಾಯಿಗಳನ್ನು ಬಸ್ಸಿನ ಚಾರ್ಜಿಗೂ ಪಟಗಳನ್ನು ಕಾಗದದ ಮೇಲೆ ತೆಗೆಸುವುದಕ್ಕೂ ಇಡಬೇಕೆಂದು ನಾವು ಆಜ್ಞೆ ಮಾಡಿದೆವು. ಗಂಟನ್ನೆಲ್ಲ ಯಂತ್ರಕ್ಕೇ ಸುರಿದು, ಅದನ್ನು ಹೊರಗೆ ತೆಗೆದರೆ ಗೀರು ಬಿದ್ದೀತೆಂದು ಬೀರುವಿನಲ್ಲಿ ಪೂಜೆಗಿಟ್ಟವರನ್ನು ನಾವು ಕಂಡಿದ್ದೇವೆ. ದಿನವೂ ಹೆಗಲಿಗೆ ಹಾಕಿಕೊಂಡು ಹೊರಡುವುದಕ್ಕೆ ಅಂಜಿಕೆಯಾಗದಂಥದೇ ಕಲಿಯುವವರಿಗೆ ಯೋಗ್ಯವಾದ ಕ್ಯಾಮರಾ.

ಮೊದಲನೆಯ ಚಿತ್ರ ಯಾರದೆಂದು ಹೇಳಬೇಕಾಗಿಲ್ಲ. ನಮ್ಮ ತಾಯಿಯವರು ಎಂದಿನಂತೆ ಜಗಲಿಯ ಅಂಚಿನಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅಂಗಳದಲ್ಲಿ ಬೇಯಿಸಿ ಹರಡಿದ್ದ ಅಡಿಕೆಯಿಂದ ಕೆಂಪು ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. "ಈ ಮುಖದಲ್ಲಿ ಏನು ಉಳಿದಿದೆಯೆಂದು ನೋಡುತ್ತೀಯೇ ಮಗಾ?" ಎಂದರು. ಮೊದಲನೆಯ ಚಿತ್ರದಲ್ಲಿ ಕತ್ತಿ ಹಿಡಿದ ಕೈ ಕದಡಿತು. ಎರಡನೆಯದರಲ್ಲಿ ಅವರು ಕಣ್ಣು ಮುಚ್ಚಿದರು. ಏಳನೆಯದೋ ಎಂಟನೆಯದೋ ತೆಗೆಯುವಾಗ ಅವರು ಕ್ಯಾಮರಾವನ್ನು ಮರೆತು, ಸೊಸೆಯನ್ನು ಏನೋ ಕೇಳುವುದಕ್ಕೆ ತಲೆ ಎತ್ತಿದರು. ಅದು ಬಂದಿತು, ಸುಕ್ಕುಗಳೊಂದೂ ಕಾಣೆಯಾಗದೆ ಬಂದಿತು.

ಹನ್ನೆರಡಕ್ಕೆ ಎಂಟರ ಅಳತೆಯಲ್ಲಿ ಅಚ್ಚು ಹಾಕಿಸಿ ತಂದು ಕೊಟ್ಟಾಗ ತಾಯಿಯವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮನು ತಂದೆಯವರ ಪಟದ ಪಕ್ಕದಲ್ಲಿ ಮೊಳೆ ಹೊಡೆಯುವುದಕ್ಕೆ ಸುತ್ತಿಗೆ ತರಲು ಎದ್ದನು.

"ಗೋಡೆಗೆ ಈಗಲೇ ಅವಸರವೇನೋ? ಇನ್ನೂ ಇದ್ದೇನೆ" ಎಂದರು ತಾಯಿಯವರು. ಪಟವನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿಟ್ಟುಕೊಂಡರು. ಈಚೆಗೆ ನೆಂಟರು ಬಂದಾಗಲೆಲ್ಲ ಅದನ್ನು ತಾವೇ ತೆಗೆದು ತೋರಿಸುತ್ತಿರುವರೆಂದು ತಮ್ಮನು ಹೇಳುತ್ತಾನೆ.